[ಪದಚರ್ಚೆ] ಕರುಳಿನ ‘ಡಯಾಫ್ರಮ್’ಗೆ ಏನನ್ನೋಣ?

ಗೆಳೆಯರೇ,
ನೋವಿನ ಮಾತ್ರೆಗಳ ಬಗ್ಗೆ ರೋಗಿಗಳಿಗೆ ಕೊಡುವ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವನ್ನು ವರ್ಷಗಟ್ಟಲೆ ನುಂಗಿದ ಕೆಲವರಿಗೆ ಸಣ್ಣ ಕರುಳಲ್ಲಿ ಹುಣ್ಣಾಗುತ್ತದೆ. ಅಪರೂಪಕ್ಕೆ ಒಳಗೋಡೆಯ ಸುತ್ತ ತೆಳ್ಳನೆಯ ಬಳೆಯಂಥದ್ದು ಬೆಳೆದು, ನಡುವೆ ಸೂಜಿತೂತಿನಷ್ಟೇ ದಾರಿ ಉಳಿಯುವುದೂ ಉಂಟು. ಡಾಕ್ಟರುಗಳು ಇದಕ್ಕೆ ‘ಡಯಾಫ್ರಮ್ ಡಿಸೀಸ್’ ಅನ್ನುತ್ತಾರೆ. ನಾನು ‘ವಪೆ ರೋಗ’ ಅಂತ ಬರೆದಿದ್ದೇನೆ. ಸರೀನಾ?
– ಸು.

> ‘ವಪೆ ರೋಗ’
ಬೇಡ. ಶಾಲೆ ಪುಸ್ತಕದಲ್ಲಿ ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು. ಓದಿದವರು ಉಸಿರಾಟದ ತೊಂದರೆ ಅಂದುಕೊಳ್ಳುತ್ತಾರೆ. ಇನ್ನೊಂದು ವಿಷಯ. ಸಂಸ್ಕೃತದ ‘ವಪಾ’ ಅಂದರೆ ಯಜ್ಞಪಶುವಿನ ಹೊಟ್ಟೆಯೊಳಗಿನ ಕೊಬ್ಬಿನ ಪೊರೆ. ಅದನ್ನು ಸ್ನಾಯುವಿಗೆ ಅಂಟಿಸಿದ್ದೇ ತಪ್ಪು. ಈಗ ಕರುಳಿಗೂ ಅಂಟಿಸಬೇಕಾ? ‘ಅಡ್ಡಪೊರೆ’ ಅನ್ನಿ. ಬಿದಿರು ಸೀಳಿದರೆ ಗೆಣ್ಣಿನಲ್ಲಿ ಅಡ್ಡಲಾಗಿ ಕಾಣುತ್ತದಲ್ಲ, ಹಾಗೆ. ‘ಉರಿಯೂತ’ ನೋಡಿ: ಉರಿ, ಊತ. ಎರಡೂ ನಮ್ಮವೇ, ಎಲ್ಲರಿಗೂ ತಿಳಿಯುತ್ತದೆ.
– ಕೆ.

ಪೊರೆ ಅಂದರೆ ಜನಕ್ಕೆ ಕಣ್ಣಿನ ಪೊರೆ, ಇಲ್ಲವೇ ಹಾವಿನ ಪೊರೆ. ಸುಮ್ನೆ ‘ಡಯಾಫ್ರಮ್’ ಅಂತ ಬಿಡಿ. ಎಂಡೋಸ್ಕೋಪಿ, ಸ್ಕ್ಯಾನ್ ಬಂದಾಗ ಯಾರೂ ಅಳಲಿಲ್ಲ. ರಿಪೋರ್ಟಿನಲ್ಲಿ ಇರುವುದೂ ಅದೇ ಪದ.
– ಎಂ.

ರಿಪೋರ್ಟು ಡಾಕ್ಟರಿಗೆ, ಕರಪತ್ರ ರೋಗಿಗೆ. ಇಷ್ಟೂ ಗೊತ್ತಿಲ್ಲದೆ ಮಾತಾಡಬಾರದು.
– ಕೆ.

‘ಮಾತ್ರೆ’ ಸಂಸ್ಕೃತ, ಮೇಷ್ಟ್ರೇ. ‘ರೋಗ’ವೂ, ‘ಪತ್ರ’ವೂ. ‘ಗುಳಿಗೆ’ ಅನ್ನೋಣ ಅಂದರೆ ಅದರ ಬೇರೂ ಅಲ್ಲೇ. ಮೊದಲು ಅವನ್ನು ಕಿತ್ತುಹಾಕಿ, ಆಮೇಲೆ ನನ್ನ ಡಯಾಫ್ರಮ್ಮಿಗೆ ಬನ್ನಿ.
– ಎಂ.

ನಾನು ಔಷಧಿ ಅಂಗಡಿಯವನು. ಹೆಸರು ಏನಾದರೂ ಇಡಿ. ‘ಗ್ಯಾಸ್ ಮಾತ್ರೆ ಜೊತೆಗೆ ತಗೊಂಡ್ರೆ ಏನೂ ಆಗಲ್ಲ’ ಅಂತ ನಂಬಿರುವವರೇ ಜಾಸ್ತಿ. ಪ್ಯಾಂಟೊಪ್ರಜೋಲ್ ಜಠರದ ಆಸಿಡ್ ತಗ್ಗಿಸುತ್ತದೆ, ಅಷ್ಟೇ. ಸಣ್ಣ ಕರುಳಿನ ಹುಣ್ಣಿಗೆ ಕಾರಣ ಆ ಆಸಿಡ್ ಅಲ್ಲ. ಅಲ್ಲಿಗೆ ಡೈಕ್ಲೊಫೆನಾಕ್ ಪಿತ್ತರಸದ ಜೊತೆ ಮತ್ತೆ ಮತ್ತೆ ಬರುತ್ತಿರುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ‘ಮೆಲೀನಾ’ಗೂ (ಒಳಗೆ ರಕ್ತ ಸೋರಿ ಮಲ ಕಪ್ಪಾಗುವುದು) ಪದ ಹುಡುಕಲು ಕೂರಬೇಡಿ. ‘ಮಲ ಡಾಂಬರಿನ ಹಾಗೆ ಕರ್ರಗೆ ಅಂಟಂಟಾಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ’ ಅಂತ ಬರೆದರೆ ಸಾಕು.
– ಬ.

ಎಲ್ಲರಿಗೂ ನಮಸ್ಕಾರ. ‘ಕರುಳಿನ ಅಡ್ಡಪೊರೆ’ ಅಂತಲೇ ಹಾಕಿದೆ, ಪಕ್ಕದಲ್ಲಿ ಡಯಾಫ್ರಮ್ಮೂ ಇದೆ. ಗ್ಯಾಸ್ ಮಾತ್ರೆಯ ಮಾತು ಮೊದಲ ಪುಟಕ್ಕೆ ಹೋಯಿತು. ‘ಡಾಂಬರು’ ಯಾವ ಭಾಷೆಯದು ಅಂತ ನಾಳೆ ಸಂಜೆವರೆಗೆ ದಯವಿಟ್ಟು ಯಾರೂ ಶುರು ಮಾಡಬೇಡಿ.
– ಸು.