ಕನ್ನಡಿ ಆರ್ಕಿಡ್ ಬೆಂಗಳೂರಿನ ತಾರಸಿಯಲ್ಲಿ ಬರುತ್ತಾ?

ತಾರಸಿ_ತೋಟ, ಬನಶಂಕರಿ:
ಮೆಡಿಟರೇನಿಯನ್ ಕಡೆಯ ಆಫ್ರಿಸ್ ಸ್ಪೆಕ್ಯುಲಮ್, ಹೂವಿನ ತುಟಿ (ಕೆಳಗಿನ ಎಸಳು) ನೀಲಿ ಕನ್ನಡಿ ಥರ ಹೊಳೆಯುತ್ತಲ್ಲ, ಅದು. ನಮ್ಮೂರು 900 ಮೀಟರ್ ಎತ್ತರ, ಹವೆ ತಂಪು. ಕುಂಡದಲ್ಲಿ ಹಿಡಿಯುತ್ತಾ? ಮರದ ಮೇಲೆ ಬೆಳೆಯೋ ಆರ್ಕಿಡ್ ಡೆಂಡ್ರೋಬಿಯಂಗೆ ಹಾಕೋ ಇದ್ದಿಲು, ತೆಂಗಿನ ಸಿಪ್ಪೆ ಸಾಕಾ? ಆನ್‌ಲೈನಲ್ಲಿ 50 ಬೀಜದ ಪೊಟ್ಟಣವೂ ಸಿಗ್ತಿದೆ.

ನೆಲಸೀತಾಳೆ:
ಪೊಟ್ಟಣ ಬಿಡಿ. ಆರ್ಕಿಡ್ ಬೀಜ ನಶ್ಯದ ಪುಡಿ ಇದ್ದಂತೆ, ಯಾರು ಕೂತು 50 ಎಣಿಸ್ತಾರೆ! ಮೊಳಕೆಗೆ ಬೇಕಾದ ಆಹಾರವೂ ಅದರೊಳಗಿಲ್ಲ. ಮಣ್ಣಿನ ಶಿಲೀಂಧ್ರ ಉಣಿಸಬೇಕು, ಇಲ್ಲವೇ ಲ್ಯಾಬಿನಲ್ಲಿ ಪೋಷಕಾಂಶ ಬೆರೆಸಿದ ಅಗರ್ ಜೆಲ್ಲಿ. ಕಪ್ಪು ಕಾಳು ಕಂಡರೆ ಅದು ಬೇರೆ ಯಾವುದೋ ಗಿಡದ್ದು.

ಇದು ನೆಲದ ಜಾತಿ, ಮರದ ಮೇಲಿನದಲ್ಲ. ಪೋರ್ಚುಗಲ್, ಸ್ಪೇನ್‌ನಿಂದ ಸಿಸಿಲಿ, ಟರ್ಕಿವರೆಗೆ, ಉತ್ತರ ಆಫ್ರಿಕಾದಲ್ಲೂ, ಸುಣ್ಣಕಲ್ಲಿನ ಬಡ ನೆಲದ ಹುಲ್ಲು, ಕುರುಚಲು, ಆಲಿವ್ ತೋಪುಗಳಲ್ಲಿ ಬೆಳೆಯುತ್ತೆ. ಅಲ್ಲಿ ಚಳಿಗಾಲಕ್ಕೆ ಮಳೆ; ಆಗ ಎಲೆ ನೆಲಕ್ಕಂಟಿ ಹರಡುತ್ತೆ, ವಸಂತದಲ್ಲಿ ಹೂ, ಬೇಸಿಗೆಗೆ ಮೇಲಿನದೆಲ್ಲ ಒಣಗಿ ಗೆಡ್ಡೆಯಷ್ಟೇ ಉಳಿಯುತ್ತೆ. ಗೆಡ್ಡೆ ಮಲಗುವ ಜೂನ್-ಆಗಸ್ಟ್‌ನಲ್ಲಿ ನಮಗೆ ಮಳೆಗಾಲ. ತೊಂದರೆ ಇರೋದು ಎತ್ತರದಲ್ಲಲ್ಲ, ಪಂಚಾಂಗದಲ್ಲಿ.

ಕುಂಡ_ಕರಣೆ:
ಮಾಡಲೇಬೇಕೆಂದರೆ 15 ಸೆಂ.ಮೀ. ಮಣ್ಣಿನ ಕುಂಡ ತಗೊಳ್ಳಿ. ದಪ್ಪ ಮರಳು ಅಥವಾ ಪ್ಯೂಮಿಸ್ 2 ಪಾಲು, ತೋಟದ ಮಣ್ಣು 1, ಸುಣ್ಣಕಲ್ಲಿನ ಚೂರು ಅರ್ಧ, ಚೆನ್ನಾಗಿ ಕಳಿತ ಎಲೆಗೊಬ್ಬರ ಅರ್ಧ. ಪಿಎಚ್ 7ರಿಂದ 8 ಬರಬೇಕು. ಕೋಕೋಪೀಟ್, ಡಿಎಪಿ ಎರಡೂ ಬೇಡ. ಗೆಡ್ಡೆ 4-5 ಸೆಂ.ಮೀ. ಆಳದಲ್ಲಿ, ಮೊಗ್ಗು ಮೇಲೆ.

ಎಲೆ ಒಣಗಿದ ಮೇಲೆ ಸೆಪ್ಟೆಂಬರ್ ಮುಗಿಯುವತನಕ ಕುಂಡ ಸಜ್ಜೆ ಕೆಳಗಿರಲಿ, ಎರಚಲೂ ತಾಗಬಾರದು. ರಾತ್ರಿ ತಂಪಾದಾಗ ನೀರು ಶುರು, ಅದೂ ಅಂಚಿಗೆ ಮಾತ್ರ. ಎಲೆಗಳ ನಡುವಿನ ಸುಳಿಯಲ್ಲಿ ನಿಂತರೆ ಕೊಳೆತುಹೋಗುತ್ತೆ. ಹಳೆ ಗೆಡ್ಡೆ ಕಂದಾಗಿ ಸುಕ್ಕುಗಟ್ಟುವಾಗ ಪಕ್ಕದಲ್ಲಿ ಬಿಳಿ ಗಟ್ಟಿ ಹೊಸ ಗೆಡ್ಡೆ ಊದಬೇಕು. ಇಲ್ಲಿ ಜನವರಿಯ ಹಗಲಲ್ಲೂ 27 ಡಿಗ್ರಿ, ಅದು ದಪ್ಪವಾಗುವ ಮೊದಲೇ ಎಲೆ ಸುಸ್ತಾಗಬಹುದು. ಆಗ ಮುಂದಿನ ವರ್ಷ ಕುಂಡ ಖಾಲಿ. ಎಲೆ ಇರುವಾಗ ಕೆದಕಿ ನೋಡೋ ಚಪಲ ಬೇಡ.

ನೆಲಸೀತಾಳೆ:
ಇನ್ನೊಂದು, ತಾನಾಗೇ ಬೀಜ ಕಟ್ಟುವ ಆಸೆ ಇಟ್ಕೋಬೇಡಿ. ಆ ತುಟಿ ಡ್ಯಾಸಿಸ್ಕೋಲಿಯಾ ಸಿಲಿಯೇಟಾ ಅನ್ನೋ ಕಣಜದ ಹೆಣ್ಣಿನ ವೇಷ, ವಾಸನೆಯೂ ಅದರದ್ದೇ. ಗಂಡು ಮೋಸಹೋಗಿ ಕೂತು ಪರಾಗ ಹೊರುತ್ತೆ. ಅಲ್ಜೀರಿಯಾದಲ್ಲಿ ಪುಯಾನ್ ಅನ್ನೋ ಫ್ರೆಂಚ್ ನ್ಯಾಯಾಧೀಶರು ಇದನ್ನು ಗಮನಿಸಿದ್ದು, 1916ರಲ್ಲಿ ಪ್ರಕಟವಾಯ್ತು. ಇಲ್ಲಿ ಆ ಕಣಜ ಇಲ್ಲ, ಹಲ್ಲುಕಡ್ಡಿಯಲ್ಲಿ ನಾವೇ ಪರಾಗ ಅಂಟಿಸೋದೇ ಗತಿ.

ತಾರಸಿ_ತೋಟ:
ಗೆಡ್ಡೆ ತರಿಸೋದು ಹೇಗೆ?

ಕುಂಡ_ಕರಣೆ:
ಎಲ್ಲ ಆರ್ಕಿಡ್‌ಗಳೂ ಸೈಟ್ಸ್ (ಅಪಾಯದಲ್ಲಿರೋ ಜೀವಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ರಫ್ತು ಪರವಾನಗಿ, ಸಸ್ಯ ಆರೋಗ್ಯ ಪತ್ರ, ನಮ್ಮ ಕ್ವಾರಂಟೈನ್ ಅನುಮತಿ ಎಲ್ಲ ಬೇಕು. ಇಷ್ಟು ತಲೆನೋವು ಯಾಕೆ, ನರ್ಸರಿಯಲ್ಲೇ ಬೆಳೆಸಿದ ಹೆಬೆನೇರಿಯಾ ಅನ್ನೋ ನೆಲದ ಆರ್ಕಿಡ್ ಹಾಕಿ. ಅದೂ ಗೆಡ್ಡೆಯೇ, ಆದರೆ ಮುಂಗಾರಿಗೆ ಚಿಗುರಿ ಚಳಿಗೆ ಮಲಗುತ್ತೆ. ನಮ್ಮ ಕೆಮ್ಮಣ್ಣಿಗೆ ಮರಳು, ಎಲೆಗೊಬ್ಬರ ಬೆರೆಸಿದರೆ ಆಯ್ತು, ಸುಣ್ಣಕಲ್ಲು ಬೇಡ.