ಲೋಹದ ತಟ್ಟೆಯ ವಿಳಾಸ ಯಂತ್ರ: ಕೊನೆ ಸಾಲು ಮಸುಕು, ತಟ್ಟೆ ಸಿಕ್ಕಿಕೊಳ್ಳುತ್ತೆ

ಪ್ರಶ್ನೆ (ಮಂಡ್ಯ):
ಸಹಕಾರ ಸಂಘವೊಂದರ ಹಳೇ ಕೈಯಂತ್ರ ರಿಪೇರಿಗೆ ಬಂದಿದೆ; ಉಬ್ಬಕ್ಷರದ ಲೋಹದ ತಟ್ಟೆಯಿಂದ ರಿಬ್ಬನ್ ಮೂಲಕ ಕಾಗದದ ಮೇಲೆ ವಿಳಾಸ ಒತ್ತುವಂಥದ್ದು. ವಿಳಾಸದ ಮೇಲಿನ ಸಾಲು ಕಪ್ಪಗೆ ಮೂಡುತ್ತೆ, ಕೊನೆ ಸಾಲು ಬರೀ ನೆರಳು. ತಟ್ಟೆ ನಡುನಡುವೆ ಸಿಕ್ಕಿಕೊಳ್ಳುತ್ತೆ. ರಿಬ್ಬನ್ ಹೊಸದು. ಎಲ್ಲಿಂದ ಶುರು ಮಾಡಲಿ ಸಾರ್?

ಉತ್ತರ 1 (ಮೈಸೂರು):
ಒತ್ತುವ ರಬ್ಬರ್ ನೋಡಿ. ಉಗುರು ಊರಿದರೆ ಗುರುತು ಬಿದ್ದು ಮಾಯವಾಗಬೇಕು. ಹೊಳೆಯುತ್ತಾ ಗಟ್ಟಿಯಾಗಿದ್ದರೆ ನುಣ್ಣನೆ ಉಪ್ಪುಕಾಗದದಿಂದ ತೆಳ್ಳಗೆ ಉಜ್ಜಿ, ಬಿರುಕಿದ್ದರೆ ಬದಲಿಸಲೇಬೇಕು. ಆಮೇಲೆ ಮಟ್ಟ: ತಟ್ಟೆಯ ನಾಲ್ಕು ಮೂಲೆಗೂ ತೆಳು ಕಾಗದದ ಪಟ್ಟಿ ಇಟ್ಟು ಹಿಡಿ ಇಳಿಸಿ, ಒಂದೊಂದೇ ಎಳೆಯಿರಿ. ಸಲೀಸಾಗಿ ಬಂದ ಕಡೆ ಒತ್ತು ಸಾಲದು, ಅಲ್ಲಿ ರಬ್ಬರ್ ಹಿಂದೆ ಕಾಗದ ಕೊಡಿ. ದಯವಿಟ್ಟು ಒತ್ತಡದ ಸ್ಕ್ರೂ ಬಿಗಿ ಮಾಡಿ ಸರಿಪಡಿಸಲು ಹೋಗಬೇಡಿ. ಮೇಲಿನ ಸಾಲು ರಿಬ್ಬನ್ನನ್ನೇ ಕತ್ತರಿಸುತ್ತೆ, ಉಬ್ಬಕ್ಷರ ಚಪ್ಪಟೆಯಾಗುತ್ತೆ.

ಉತ್ತರ 2:
ಸಿಕ್ಕಿಕೊಳ್ಳೋದು ಬಗ್ಗಿದ ತಟ್ಟೆಯಿಂದ. ತಟ್ಟೆಗಳನ್ನು ಪೇರಿಸಿಟ್ಟ ಗೂಡಿನ ತಳದಿಂದ ಒಂದೊಂದೇ ಹೊರಡಬೇಕು; ಬಗ್ಗಿದ್ದು ಮೇಲಿನದನ್ನೂ ಎಳೆದು ತರುತ್ತೆ. ಗಾಜಿನ ಮೇಲಿಟ್ಟು ಮೂಲೆ ಒತ್ತಿ, ಅಲುಗಾಡಿದರೆ ಅದೇ. ಮರದ ಸುತ್ತಿಗೆಯಲ್ಲಿ ಅಂಚಿಗಷ್ಟೇ ತಟ್ಟಿ, ಅಕ್ಷರದ ಮೇಲೆ ಬೇಡ. ಜಾರುವ ಹಾದಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒಣಗಲು ಬಿಡಿ. ಎಣ್ಣೆ ಹಾಕಿದರೆ ಧೂಳು ಕೂತು ಮತ್ತೆ ಅಂಟು. ಹೊಲಿಗೆ ಯಂತ್ರದ ಎಣ್ಣೆ ಕೀಲುಗಳಿಗೆ ಒಂದು ಹನಿ ಸಾಕು.

ಉತ್ತರ 3:
ವಿಳಾಸ ಯಂತ್ರಕ್ಕೆ 1896ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಡಂಕನ್ ಅವರ ಮೊದಲ ಮಾದರಿಯಲ್ಲಿ ತಟ್ಟೆಯೇ ಇರಲಿಲ್ಲ, ಆರುಮೂಲೆ ಮರದ ತುಂಡಿಗೆ ಅಂಟಿಸಿದ ರಬ್ಬರ್ ಅಕ್ಷರ! ಲೋಹದ ತಟ್ಟೆಯ ಲಾಭವೇ ಬೇಕಾದ್ದನ್ನು ಬದಲಿಸಿ ಕ್ರಮ ಉಳಿಸಿಕೊಳ್ಳೋದು. ತಟ್ಟಲು ತೆಗೆದ ತಟ್ಟೆಯ ಜಾಗದಲ್ಲಿ ರಟ್ಟಿನ ಚೀಟಿ ಇಡಿ.