ಸಿಂಧು ಕೇಳಿದ್ದಕ್ಕೆ ಅತ್ತೆಯ ಉತ್ತರ

ಸಿಂಧು ಪುಟ್ಟಿ, ಬೆಳಗ್ಗೆ ಮನೆಯವರ ಗ್ರೂಪಿಗೆ ನೀನು ಹಾಕಿದ್ದನ್ನು ಈಗ ನೋಡಿದೆ. ಇನ್ನೂ ಕೆಲಸಕ್ಕೇ ಸೇರಿಲ್ಲ, ನಿನ್ನ ಪ್ಯಾನ್ ನಂಬರಿನಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಕೆಯಾಗಿದೆ ಅಂತ ಮೆಸೇಜ್ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀಯ. ಹೆದರಬೇಡ. ಮೊದಲು ಊಟ ಮಾಡು.

ನನಗೆ ಆದದ್ದು ಕೇಳು. ಮಾವ ತೀರಿಕೊಂಡ ಮೇಲೆ ವಿನೋಬನಗರದ ಮನೆ ಬಿಟ್ಟು ಚಿಕ್ಕ ಮನೆ ಹುಡುಕಿದೆನಲ್ಲ, ಆಗ. ಬ್ರೋಕರ್ ಪ್ಯಾನ್ ಕಾರ್ಡಿನ ಜೆರಾಕ್ಸ್ ಕೇಳಿದ. ನಾಲ್ಕು ತೆಗೆಸಿದ್ದೆ. ಎರಡು ಸಾಕು ಅಂದ. ಉಳಿದೆರಡನ್ನು ಮಡಚಿ ಬ್ಯಾಗಿಗೆ ಹಾಕಲು ಹೋದರೆ, "ಇರಲಿ ಬಿಡಿ ಮೇಡಂ, ಬೇಕಾಗುತ್ತೆ" ಅಂತ ಇಸಿದುಕೊಂಡು ಡ್ರಾಯರಿಗೆ ತುರುಕಿದ. ನಾನೂ ಸುಮ್ನೆ ಬಂದುಬಿಟ್ಟೆ.

2022ರ ಜುಲೈನಲ್ಲಿ ಪೆನ್ಷನ್ ರಿಟರ್ನ್ ಹಾಕೋಣ ಅಂತ ಎಐಎಸ್ ತೆಗೆಸಿದೆ. ನಮ್ಮ ವರ್ಷದ ಆದಾಯ ತೋರಿಸುವ ಪಟ್ಟಿ ಅದು. ನೋಡಿದರೆ ನನಗೆ 1,80,000 ರೂಪಾಯಿ ಮನೆ ಬಾಡಿಗೆ ಬಂದಿದೆ ಅಂತ ಇತ್ತು! ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಬಾಡಿಗೆ ತೋರಿಸಿ, ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ತೆರಿಗೆ ವಿನಾಯಿತಿ ಪಡೆಯಬೇಕಾದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. ಯಾರೋ ನನ್ನದನ್ನು ಕೊಟ್ಟಿದ್ದರು. ನಾನು ಮೂವತ್ತು ವರ್ಷ ಬಾಡಿಗೆ ಕಟ್ಟಿದವಳು. ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬ್ರೋಕರೇ ಕೊಟ್ಟನೋ, ಅವನ ಡ್ರಾಯರಿನಿಂದ ಬೇರೆ ಯಾರು ತೆಗೆದರೋ. ಮತ್ತೆಲ್ಲೂ ಕೊಟ್ಟ ನೆನಪು ನನಗಿಲ್ಲ.

ಅದಕ್ಕೇ ಹೇಳುತ್ತೇನೆ, ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಬರೆದು ಸಹಿ ಹಾಕಿ ಕೊಡಿ. ಎಲ್ಲರಿಗೂ ಹೇಳುತ್ತಿದ್ದೇನೆ, ಮಂಜುಗೂ ಸೇರಿಸಿ. ಬರೆಯದೆ ಒಂದು ಪ್ರತಿಯನ್ನೂ ಕೊಡಬೇಡಿ, ಮಿಕ್ಕದ್ದನ್ನು ಅಲ್ಲಿ ಬಿಟ್ಟು ಬರಬೇಡಿ.

ಸಹಿ ಅಂದಾಗ ನೆನಪಾಯಿತು. ಅಪ್ಪನ ಮನೆ ಮಾರುವಾಗ "ಅಕ್ಕಾ, ಇಲ್ಲೊಂದು ಸಹಿ ಹಾಕು" ಅಂದಿರಿ. ಹಾಕಿದೆ. ಅದರಲ್ಲಿ ಏನು ಬರೆದಿದೆ ಅಂತ ಒಬ್ಬರೂ ಓದಿ ಹೇಳಲಿಲ್ಲ. ಆಗ ಕನ್ನಡಕ ತಂದಿರಲಿಲ್ಲ ನಾನು. ದುಡ್ಡಿನ ಮಾತಲ್ಲ ಇದು. ಹಿತ್ತಲಿನ ಆ ಹಲಸಿನ ಮರದ ಹಣ್ಣು ಒಂದು ಸಲ ತಿನ್ನಬೇಕಿತ್ತು, ಅಷ್ಟೇ. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ. ಕೇಳಬೇಕಿತ್ತು, ಅಲ್ವಾ?

ಅಯ್ಯೋ, ಸಿಂಧು, ನಿನ್ನ ವಿಷಯ ಬಿಟ್ಟೇಬಿಟ್ಟೆ. ಮೆಸೇಜಿನಲ್ಲಿ ಲಿಂಕ್ ಇದ್ದರೆ ಒತ್ತಬೇಡ, ಮೆಸೇಜೇ ಸುಳ್ಳಿರಬಹುದು. ಆದಾಯ ತೆರಿಗೆ ಪೋರ್ಟಲಿನ ವಿಳಾಸ ನೀನೇ ಟೈಪ್ ಮಾಡಿ ಲಾಗಿನ್ ಆಗು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆಧಾರ್ ಒಟಿಪಿಯಿಂದ ಹೊಸದು ಮಾಡಿಕೊಳ್ಳಬಹುದು. ಒಳಗೆ ಮೊಬೈಲ್, ಇಮೇಲ್, ಬ್ಯಾಂಕ್ ಖಾತೆ ನಿನ್ನವೇನಾ ನೋಡು. ಬೇರೆಯವರದ್ದಿದ್ದರೆ ಬದಲಾಯಿಸು. ರಿಟರ್ನ್ ನಿಜವಾಗಿ ಸಲ್ಲಿಕೆಯಾಗಿದ್ದು ಇನ್ನೂ ವೆರಿಫೈ, ಅಂದರೆ ಹಾಕಿದ್ದು ನಾನೇ ಅಂತ ಖಚಿತಪಡಿಸುವುದು, ಆಗಿಲ್ಲದಿದ್ದರೆ, ನೀನು ವೆರಿಫೈ ಮಾಡಬೇಡ, ಯಾರಿಗೂ ಒಟಿಪಿ ಹೇಳಬೇಡ. ಅದನ್ನು ರದ್ದು ಮಾಡುವ ಡಿಸ್ಕಾರ್ಡ್ ಆಯ್ಕೆ ಅಲ್ಲೇ ಇರುತ್ತದೆ. ವೆರಿಫೈ ಆಗಿಬಿಟ್ಟಿದ್ದರೆ ಪೋರ್ಟಲಿನಲ್ಲೇ ದೂರು ಹಾಕು. ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೂ ಫೋನ್ ಮಾಡು, ಅವರು ಕೊಡುವ ದೂರಿನ ನಂಬರ್ ಬರೆದಿಟ್ಟುಕೋ. ಎಐಎಸ್‌ನಲ್ಲಿ ನಿನ್ನದಲ್ಲದ ಆದಾಯ ಇದ್ದರೆ ಆ ಸಾಲಿನ ಎದುರಿಗೇ "ನನ್ನದಲ್ಲ" ಅಂತ ತಿಳಿಸಬಹುದು. ನಾನೂ ಹಾಗೇ ಮಾಡಿ, ಪೆನ್ಷನ್ ಮಾತ್ರ ತೋರಿಸಿ ರಿಟರ್ನ್ ಹಾಕಿದೆ.

ಬೆಳಗ್ಗೆ ಇಲ್ಲಿ ಪ್ಯಾನ್ ಕಾರ್ಡಿನ ಫೋಟೋ ಹಾಕಿದ್ದೀಯಲ್ಲ, ಅದನ್ನು ಮೊದಲು ತೆಗೆ. ಸಂಜೆ ಲಾಗಿನ್ ಆದ ಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.